ನೀರಿನ ಜಾಡು ಹಿಡಿದು ಹೋಗು

ಮಗಳೇ, ಡಿಸೆಂಬರ್ ರಜೆಗೆ ನೀನೂ ಅಳಿಯಂದಿರೂ ಡಲ್ಲಾಸ್‌ನಿಂದ ಮೆಕ್ಸಿಕೋದ ಯುಕಟಾನ್‌ಗೆ ಹೊರಟಿದ್ದೀರಿ ಎಂದು ನಿನ್ನಮ್ಮ ಹೇಳಿದಾಗ ತುಂಬ ಸಂತೋಷವಾಯಿತು. ನೀನು ಕಳಿಸಿದ ಪಟ್ಟಿಯನ್ನೂ ನೋಡಿದೆ. ಒಂದು ದಿನ ಸೆನೋಟೆಗಳಲ್ಲಿ ಈಜು, ಒಂದು ದಿನ ಮಾಯಾ ಪಾಳುನಗರಗಳು, ಉಳಿದದ್ದೆಲ್ಲ ಕಡಲತೀರ. ನಾನೂ ಆ ನೆಲ ತುಳಿದು ಬಂದವಳು, ಅದಕ್ಕೇ ಈ ಮಾತು ಹೇಳುತ್ತಿದ್ದೇನೆ: ಆ ಮೂರನ್ನೂ ಒಂದೇ ನೀರು ಪೋಣಿಸಿದೆ. ಆ ನೀರಿನ ಜಾಡು ಹಿಡಿದು ಹೋದರೆ ಅರ್ಧ ಜಾಗ ನೋಡಿದರೂ ಇಡೀ ನಾಡು ಅರ್ಥವಾಗುತ್ತದೆ.

ಯುಕಟಾನ್‌ನ ಉತ್ತರ ಭಾಗದಲ್ಲಿ ನೆಲದ ಮೇಲೆ ಹರಿಯುವ ಹೊಳೆ ಕಾಣುವುದೇ ಅಪರೂಪ. ಅಲ್ಲಿಯದು ಸುಣ್ಣಕಲ್ಲಿನ ನೆಲ. ಸುರಿದ ಮಳೆ ಬಿರುಕುಗಳಲ್ಲಿ ಇಳಿದು, ಕಲ್ಲನ್ನು ಕರಗಿಸುತ್ತ, ನೆಲದಡಿಯ ಗುಹೆಗಳಲ್ಲಿ ಹರಿಯುತ್ತದೆ. ಗುಹೆಯ ಚಾವಣಿ ಕುಸಿದು ನೀರು ಬೆಳಕಿಗೆ ಬಿದ್ದ ಜಾಗವೇ ಸೆನೋಟೆ. ಟುಲುಮ್ ಬಳಿಯ ಸಾಕ್ ಆಕ್ಟುನ್ ಗುಹಾಜಾಲ ಪಕ್ಕದ ಇನ್ನೊಂದು ಜಾಲಕ್ಕೆ ಕೂಡಿಕೊಂಡಿದೆ ಎಂಬುದನ್ನು ಡೈವರ್‌ಗಳು 2018ರಲ್ಲಿ ಪತ್ತೆ ಮಾಡಿದಾಗ, ನೀರು ತುಂಬಿದ ಆ ದಾರಿಗಳ ಒಟ್ಟು ಉದ್ದ ಸುಮಾರು 347 ಕಿ.ಮೀ. ಎಂದು ಲೆಕ್ಕ ಸಿಕ್ಕಿತು. ವಾಯವ್ಯದಲ್ಲಿ, ಮೆರಿಡಾ ಪಟ್ಟಣದ ಸುತ್ತ, ಸೆನೋಟೆಗಳು ದೊಡ್ಡ ಕಮಾನಿನಂತೆ ಸಾಲುಗಟ್ಟಿವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳ ಕಾಲ ಮುಗಿಸಿದ ಕ್ಷುದ್ರಗ್ರಹ ಬಿದ್ದು ಆದ ಚಿಕ್ಸುಲುಬ್ ಕುಳಿಯ ಅಂಚು ಅದು.

ಸೆನೋಟೆಗೆ ಇಳಿಯುವ ಮೊದಲು ಮೈ ತೊಳೆದುಕೊಳ್ಳಲು ಹೇಳುತ್ತಾರೆ. ಅದನ್ನು ಕಾಟಾಚಾರಕ್ಕೆ ಮಾಡಬೇಡ. ಸನ್‌ಸ್ಕ್ರೀನ್, ಸೊಳ್ಳೆ ಮುಲಾಮು, ತಲೆಗೆ ಹಚ್ಚಿದ ಎಣ್ಣೆ ಎಲ್ಲವೂ ಹೋಗಬೇಕು. ಸುಣ್ಣಕಲ್ಲಿನ ದೊಡ್ಡ ತೂತುಗಳಲ್ಲಿ ನೀರು ಸೋಸಿಕೊಳ್ಳುವುದಕ್ಕೆ ಅವಕಾಶವೇ ಇಲ್ಲದೆ ಓಡುತ್ತದೆ. ಇಲ್ಲಿ ಬೆರೆತದ್ದು ಮುಂದಿನ ಊರಿನವರ ಕುಡಿಯುವ ನೀರಿಗೂ, ಅದರಾಚೆ ಸಮುದ್ರದ ಹವಳದ ದಿಬ್ಬಕ್ಕೂ ಹೋಗಿ ಸೇರುತ್ತದೆ. ಬಿಸಿಲಿಗೆ ಹೆದರಿಕೆಯಿದ್ದರೆ ತುಂಬುತೋಳಿನ ಈಜುಡುಗೆ ತೊಟ್ಟುಕೋ. ನಮ್ಮೂರಿನ ಸಿಹಿನೀರಿನ ಬಾವಿಯಲ್ಲಿ ಯಾರಾದರೂ ಸೋಪು ಕಲೆಸಿದರೆ ಅಜ್ಜಿ ಸುಮ್ಮನಿರುತ್ತಿದ್ದರೇ? ಆ ಅಳತೆಗೋಲನ್ನೇ ಅಲ್ಲೂ ಇಟ್ಟುಕೋ.

ಚಾವಣಿಯಿಂದ ಇಳಿಬಿದ್ದ ಸುಣ್ಣದ ಕಂಬಗಳನ್ನು ಮುಟ್ಟಲೇಬೇಡ. ನೀರಿನೊಳಗೆ ಕಾಣುವ ಕಂಬಗಳು ಹಿಮಯುಗದಲ್ಲಿ ಸಮುದ್ರ ಕೆಳಗಿಳಿದು ಆ ಗುಹೆಗಳು ಒಣಗಿದ್ದಾಗ ಹನಿಹನಿಯಾಗಿ ಬೆಳೆದವು. ಈಗ ಮುಳುಗಿರುವುದರಿಂದ ಮುರಿದರೆ ಮತ್ತೆ ಬೆಳೆಯುವುದಿಲ್ಲ. ಓಯೊ ನೇಗ್ರೊ ಎಂಬ ಅಂಥದೇ ಮುಳುಗಿದ ಗುಹೆಯ ತಳದಲ್ಲಿ 2007ರಲ್ಲಿ ಹದಿಹರೆಯದ ಹುಡುಗಿಯೊಬ್ಬಳ ಅಸ್ಥಿಪಂಜರ ಸಿಕ್ಕಿತು. 12 ಸಾವಿರ ವರ್ಷಗಳಿಗೂ ಹಿಂದಿನದು. ಅವಳಿಗೆ ನಾಯಾ ಎಂದು ಹೆಸರಿಟ್ಟಿದ್ದಾರೆ. ನೀವು ಈಜುವ ಕತ್ತಲಲ್ಲಿ ಒಂದು ಕಾಲಕ್ಕೆ ಜನ ನಡೆದಾಡಿದ್ದರು ಎಂಬುದು ನೆನಪಿದ್ದರೆ ಕೈಕಾಲು ತಾನಾಗಿಯೇ ಮೆತ್ತಗಾಗುತ್ತವೆ.

ಈಜು ಚೆನ್ನಾಗಿ ಬಂದರೂ ಲೈಫ್ ಜಾಕೆಟ್ ಬಿಡಬೇಡಿ. ಅಂಚಿನಲ್ಲೇ ಹತ್ತಾರು ಮೀಟರ್ ಆಳವಿರುವ ಹೊಂಡಗಳಿವೆ, ಕಾಲಿಗೆ ನೆಲ ಸಿಗುವುದಿಲ್ಲ. ಕೆಲವು ಗುಹೆಗಳ ಬಾಯಲ್ಲಿ ನೀರಿನೊಳಗೇ ಯಮನ ಚಿತ್ರವಿರುವ ಎಚ್ಚರಿಕೆ ಫಲಕ ನಿಲ್ಲಿಸಿದ್ದಾರೆ. ಅದರಾಚೆ ಗುಹಾ ಡೈವಿಂಗ್ ಕಲಿತವರಿಗಷ್ಟೇ ದಾರಿ. ಅಳಿಯಂದಿರಿಗೆ ಸ್ಕೂಬಾ ಪ್ರಮಾಣಪತ್ರ ಇದೆಯೆಂದು ಗೊತ್ತು, ಆದರೂ ಬೆಳಕು ಕಾಣುವಷ್ಟು ದೂರ ಸಾಕು ಎಂದು ದೊಡ್ಡಮ್ಮ ಹೇಳಿದಳೆಂದು ಹೇಳು.

ಇನ್ನು ನಗರಗಳು. ಕಾನ್ಕುನ್‌ನಲ್ಲೇ ಕೂತು ಚಿಚೆನ್ ಇಟ್ಜಾಗೆ ದಿನದ ಬಸ್ಸು ಹಿಡಿಯುವ ಬದಲು ಹತ್ತಿರದ ವಯಾಡೊಲಿಡ್ ಪಟ್ಟಣದಲ್ಲಿ ಎರಡು ರಾತ್ರಿ ಉಳಿಯಿರಿ. ಊರ ನಡುವೆಯೇ ಒಂದು ಸೆನೋಟೆಯಿದೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಚಿಚೆನ್ ಇಟ್ಜಾದಲ್ಲಿದ್ದರೆ ಕಾನ್ಕುನ್‌ನ ಬಸ್ಸುಗಳು ಬರುವ ಮುಂಚೆ ನೆಮ್ಮದಿಯಾಗಿ ನೋಡಬಹುದು. ಕುಕುಲ್ಕಾನ್ ಪಿರಮಿಡ್ಡಿನ ನಾಲ್ಕೂ ಕಡೆ ತಲಾ 91 ಮೆಟ್ಟಿಲು, ಮೇಲಿನ ಹಂತ ಸೇರಿಸಿ 365, ಅಂದರೆ ವರ್ಷದ ದಿನಗಳು. ಅದನ್ನು ಹತ್ತಲು ಈಗ ಬಿಡುವುದಿಲ್ಲ, ಹಟ ಮಾಡಬೇಡಿ. ಅಲ್ಲಿಂದ ಉತ್ತರಕ್ಕೆ, ಮಾಯಾ ಜನ ಕಟ್ಟಿದ ಎತ್ತರಿಸಿದ ದಾರಿಯಲ್ಲಿ ಸ್ವಲ್ಪ ನಡೆದರೆ ಪವಿತ್ರ ಸೆನೋಟೆ. ಸುಮಾರು 60 ಮೀಟರ್ ಅಗಲದ ಹಸಿರು ನೀರು, ಸುತ್ತ ಕಡಿದಾದ ಬಂಡೆ. ಮಳೆದೇವ ಚಾಕ್‌ಗೆ ಜೇಡ್ ಹರಳು, ಚಿನ್ನ, ಧೂಪ, ಕೊನೆಗೆ ಮನುಷ್ಯರನ್ನೂ ಅರ್ಪಿಸಿದ ಹೊಂಡ ಅದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಎಡ್ವರ್ಡ್ ಥಾಂಪ್ಸನ್ ಎಂಬ ಅಮೆರಿಕನ್ ತಳ ಕೆದಕಿ ಎತ್ತಿದ ವಸ್ತುಗಳಲ್ಲಿ ಬಹಳಷ್ಟು ಹಾರ್ವರ್ಡ್‌ನ ಪೀಬಾಡಿ ಮ್ಯೂಸಿಯಂ ಸೇರಿದವು.

ಸಾಧ್ಯವಾದರೆ ಉಷ್ಮಾಲ್‌ಗೂ ಹೋಗಿ ಬಾ. ಅದು ಗುಡ್ಡದ ಸೀಮೆ, ಅಂತರ್ಜಲ ಬಹಳ ಆಳದಲ್ಲಿದೆ, ಕೈಗೆಟುಕುವ ಸೆನೋಟೆಗಳಿಲ್ಲ. ಆ ಜನ ನೆಲದಡಿ ಸೀಸೆಯಾಕಾರದ ತೊಟ್ಟಿಗಳನ್ನು ಕೊರೆದು, ಒಳಗೆ ಗಾರೆ ಮೆತ್ತಿ, ಮಳೆನೀರು ಹಿಡಿದಿಟ್ಟು ಬದುಕಿದರು. ಕಟ್ಟಡದ ಮೂಲೆ ಮೂಲೆಯಲ್ಲೂ ಒಂದರ ಮೇಲೊಂದು ಪೇರಿಸಿದ, ಕೊಕ್ಕೆಮೂಗಿನ ಚಾಕ್ ಮುಖಗಳನ್ನು ಕಾಣುತ್ತೀಯ. ಮಳೆಯ ಹಂಬಲವನ್ನೇ ಕಲ್ಲಿನಲ್ಲಿ ಕೆತ್ತಿದ್ದಾರೆ. ಬಾಗಿಲುಗಳ ಮೇಲ್ಗಡೆ ತಲೆಯೆತ್ತಿ ನೋಡು. ಸಾವಿರ ವರ್ಷ ದಾಟಿದರೂ ಅಲ್ಲಲ್ಲಿ ಉಳಿದಿರುವ ಮರದ ತೊಲೆಗಳು ನಮ್ಮ ಹಿತ್ತಲಿನ ಸಪೋಟ ಮರದವೇ! ಸಪೋಟದ ತವರು ಆ ಕಾಡು. ಕಾಡಿನ ದಾರಿಯಲ್ಲಿ ಹಳೆಯ ಸಪೋಟ ಮರಗಳ ಕಾಂಡದ ಮೇಲೆ ಓರೆ ಓರೆಯಾದ ಕಚ್ಚುಗಳು ಕಾಣುತ್ತವೆ. ಚ್ಯೂಯಿಂಗ್ ಗಮ್‌ಗಾಗಿ ಅಂಟುಹಾಲು ಇಳಿಸಿದ ಗುರುತು ಅವು.

ಒಂದು ಮಾತು ಮುಖ್ಯ. "ಮಾಯಾ ಜನ ಮಾಯವಾದರು" ಎಂದು ಯಾರಾದರೂ ಹೇಳಿದರೆ ನಂಬಬೇಡ. ಒಂಬತ್ತನೇ ಶತಮಾನದ ಸುಮಾರಿಗೆ ದಕ್ಷಿಣದ ದೊಡ್ಡ ನಗರಗಳು ಬರಿದಾದದ್ದು ನಿಜ, ಬರಗಾಲವೂ ಅದಕ್ಕೊಂದು ಕಾರಣ. 1562ರಲ್ಲಿ ಮಾನಿ ಎಂಬ ಊರಿನಲ್ಲಿ ಪಾದ್ರಿ ಡಿಯೆಗೊ ಡೆ ಲಾಂಡಾ ಮಾಯಾ ಜನರ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟದ್ದೂ ನಿಜ. ಆದರೆ ಇಂದಿಗೂ ಲಕ್ಷಾಂತರ ಜನ ಮಾಯಾ ಭಾಷೆಯಾಡುತ್ತಾರೆ. ಎಷ್ಟೋ ಸೆನೋಟೆಗಳನ್ನು ನೋಡಿಕೊಳ್ಳುವವರು ಆ ಹಳ್ಳಿಗಳ ಮಾಯಾ ಕುಟುಂಬಗಳೇ. ಅಂಥ ಕಡೆಗೇ ಹೋಗು, ಊರಿನವರನ್ನೇ ಗೈಡ್ ಮಾಡಿಕೋ, ಚಿಲ್ಲರೆ ಪೆಸೊ ಇಟ್ಟುಕೋ, ಚೌಕಾಸಿಗೆ ಇಳಿಯಬೇಡ. ಯಾರದಾದರೂ ಹಿತ್ತಲಲ್ಲಿ ಎರಡೂ ತುದಿಗೆ ಮುಚ್ಚಳ ಮೆತ್ತಿದ ಟೊಳ್ಳು ಮರದ ದಿಮ್ಮಿ ಕಂಡರೆ ಬಗ್ಗಿ ನೋಡು. ನಡುವಿನ ಸಣ್ಣ ತೂತಿನಲ್ಲಿ ಒಂದೇ ಒಂದು ಜೇನುಹುಳು ತಲೆಯಿಟ್ಟು ಕಾವಲು ಕೂತಿರುತ್ತದೆ. ಚುಚ್ಚದ ಜೇನು, ನಮ್ಮ ಮಲೆನಾಡಿನ ಮಿಸ್ರಿ ಜೇನಿನ ಬಳಗ. ಮಾಯಾ ಜನ ಅದನ್ನು ಶತಮಾನಗಳಿಂದ ಸಾಕಿದ್ದಾರೆ.

ಊಟದ ಚಿಂತೆ ಬೇಡ. ಅವರೆಬೇಳೆಯಂಥ ಕಾಳಿನ ಪಲ್ಯ ಎಲ್ಲೆಡೆ ಸಿಗುತ್ತದೆ, ಆದರೆ ಹಂದಿ ಕೊಬ್ಬು ಹಾಕಿ ಬಾಡಿಸುವ ರೂಢಿಯಿದೆ. "ಮಾಂಸ ಬೇಡ" ಎಂದರೆ ಸಾಲದು, ಕೊಬ್ಬಿನ ಬಗ್ಗೆಯೂ ಕೇಳಿಕೋ. ಹುರಿದ ಕುಂಬಳಬೀಜ, ಸುಟ್ಟ ಟೊಮೇಟೊ ಅರೆದು ಮಾಡುವ ಸಿಕಿಲ್ ಪಾಕ್ ನಿನಗೆ ಖಂಡಿತ ಹಿಡಿಸುತ್ತದೆ. ಹಬನೇರೊ ಮೆಣಸಿನಕಾಯಿಯ ಮುಂದೆ ಮಾತ್ರ ಗುಂಟೂರಿನ ಧೈರ್ಯ ತೋರಿಸಬೇಡ.

ಕಡಲತೀರವನ್ನು ಕೊನೆಗಿಟ್ಟುಕೋ. ಟುಲುಮ್‌ನಲ್ಲಿ ಬಂಡೆಯ ತುದಿಗೆ ಕಟ್ಟಿದ ಕೋಟೆಗೋಡೆಯ ಊರು, ದೋಣಿಗಳಲ್ಲಿ ಉಪ್ಪು, ಜೇನು, ಹತ್ತಿ, ಜೇಡ್ ಸಾಗುತ್ತಿದ್ದ ಕಾಲದ ಬಂದರು. ಸ್ಪ್ಯಾನಿಷರು ಬಂದಾಗಲೂ ಅಲ್ಲಿ ಜನವಿದ್ದರು. ದಕ್ಷಿಣಕ್ಕೆ ಸಿಯಾನ್ ಕಾನ್ ಸಂರಕ್ಷಿತ ಪ್ರದೇಶ, ಅಲ್ಲಿ ಕಾಂಡ್ಲಾ ಕಾಡಿನ ನಡುವೆ ಸಿಹಿನೀರು ಉಪ್ಪುನೀರನ್ನು ಕೂಡುತ್ತದೆ. ನೀವು ಹೋಗುವ ತಿಂಗಳಲ್ಲಿ ಬಿರುಗಾಳಿಯ ಕಾಲ ಮುಗಿದಿರುತ್ತದೆ, ಬೇಸಿಗೆಯಲ್ಲಿ ದಡಕ್ಕೆ ರಾಶಿ ಬೀಳುವ ಸರ್ಗಾಸಮ್ ಕಡಲಕಳೆಯ ಕಾಟವೂ ಕಡಿಮೆ. ಆದರೆ ಉತ್ತರದಿಂದ ಚಳಿಗಾಳಿ ಬೀಸಿದ ದಿನ ಸಮುದ್ರ ಒರಟಾಗುತ್ತದೆ. ಕೆಂಪು ಬಾವುಟ ಕಂಡರೆ ನೀರಿಗಿಳಿಯಬೇಡಿ. ಹವಳದ ಮೇಲೆ ಕಾಲಿಡಬೇಡಿ, ಆಮೆ ಕಂಡರೆ ದೂರದಿಂದಲೇ ನೋಡಿ.

ಹಾಗಾಗಿ ಪಟ್ಟಿಯಲ್ಲಿ ಅರ್ಧ ಹೊಡೆದುಹಾಕು. ಎರಡು ಸೆನೋಟೆ, ಎರಡು ನಗರ, ಒಂದು ತೀರ ಸಾಕು. ಪ್ರತಿ ಜಾಗದಲ್ಲೂ ಒಂದೇ ಪ್ರಶ್ನೆ ಕೇಳಿಕೋ: ಇವರಿಗೆ ನೀರು ಎಲ್ಲಿಂದ ಬರುತ್ತಿತ್ತು, ಈಗ ಎಲ್ಲಿಂದ ಬರುತ್ತಿದೆ? ನಾಲ್ಕು ದಿನದ ಅತಿಥಿಗಳು ನೀವು. ನೀವು ಮುಳುಗೆದ್ದ ನೀರನ್ನೇ ಅಲ್ಲಿಯ ಮಕ್ಕಳು ಕುಡಿದು ಬೆಳೆಯಬೇಕು. ಅಷ್ಟು ಎಚ್ಚರ ಇದ್ದರೆ ಉಳಿದದ್ದನ್ನೆಲ್ಲ ಆ ನಾಡೇ ಕಲಿಸುತ್ತದೆ. ಹೋಗಿ ಬನ್ನಿ, ಒಳ್ಳೆಯದಾಗಲಿ.