ಅಪ್ಪನ ಗಡ್ಡೆಯ ದೋಷ ನಮಗೂ ಬಂದಿದೆಯೇ?

ಪ್ರಶ್ನೆ: ಅಪ್ಪನಿಗೆ 71 ವರ್ಷ, ಹೊಟ್ಟೆಯ ಕ್ಯಾನ್ಸರ್. ಬಯಾಪ್ಸಿ ರಿಪೋರ್ಟಿನಲ್ಲಿ ‘ಎಂಎಸ್‌ಐ-ಹೈ, ಎಂಎಲ್‌ಎಚ್1 ಮತ್ತು ಪಿಎಂಎಸ್2 ಕಾಣೆ’ ಎಂದಿದೆ. ಅದು ಜೀನ್ ದೋಷವೆಂದು ಯಾರೋ ಹೇಳಿದ ಮೇಲೆ ನನಗೂ ತಂಗಿಗೂ ನಿದ್ದೆಯಿಲ್ಲ. ಅವಳ ಮದುವೆ ಮಾತುಕತೆ ನಡೆದಿದೆ. ಹುಡುಗನ ಮನೆಯವರಿಗೆ ಹೇಳಬೇಕೇ?

ಉತ್ತರ: ಮದುವೆ ಮಾತು ಆಮೇಲೆ. ಲ್ಯಾಬಿನವರು ಪರೀಕ್ಷಿಸಿದ್ದು ಅಪ್ಪನ ಗಡ್ಡೆಯ ಚೂರನ್ನು, ಮನೆತನದ ರಕ್ತವನ್ನಲ್ಲ.

ಜೀವಕೋಶ ಎರಡಾಗುವಾಗ ಡಿಎನ್‌ಎ ನಕಲಾಗುತ್ತದೆ. ಅದರಲ್ಲಿ ಒಂದೇ ಅಕ್ಷರ ಮತ್ತೆ ಮತ್ತೆ ಬರುವ ಜಾಗಗಳಿವೆ. ರಾಮಕೋಟಿ ಬರೆಯುವ ಅಜ್ಜಿಗೆ ಲೆಕ್ಕ ತಪ್ಪುವಂತೆ ಅಲ್ಲಿ ಒಂದೆರಡು ಅಕ್ಷರ ಹೆಚ್ಚುಕಮ್ಮಿಯಾಗುವುದುಂಟು. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ಪ್ರೋಟೀನುಗಳು ಅದನ್ನು ತಿದ್ದುತ್ತವೆ. ಇವು ಕೈಕೊಟ್ಟರೆ ತಪ್ಪುಗಳು ರಾಶಿಬೀಳುತ್ತವೆ, ಅದೇ ಎಂಎಸ್‌ಐ. 2014ರ ಟಿಸಿಜಿಎ (ಕ್ಯಾನ್ಸರ್ ಜೀನೋಮ್ ಅಟ್ಲಾಸ್) ಅಧ್ಯಯನದಲ್ಲಿ ಹೊಟ್ಟೆಯ ಗಡ್ಡೆಗಳ ಪೈಕಿ ಸುಮಾರು 22% ಈ ಗುಂಪಿನವು.

ಎರಡು ಕಾಣೆಯಾಗಿವೆ ಎಂದು ಎರಡು ಪಟ್ಟು ಹೆದರಬೇಡಿ. ಪಿಎಂಎಸ್2ಗೆ ಎಂಎಲ್‌ಎಚ್1 ಆಸರೆ. ಅದಿಲ್ಲದಿದ್ದರೆ ಇದೂ ನಿಲ್ಲದು. ವಯಸ್ಸಾದವರ ಹೊಟ್ಟೆಯ ಗಡ್ಡೆಯಲ್ಲಿ ಎಂಎಲ್‌ಎಚ್1 ಜೀನ್ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ, ಅದಕ್ಕೆ ಬೀಗ ಬಿದ್ದಿರುತ್ತದೆ. ಮೀಥೈಲ್ ಎಂಬ ರಾಸಾಯನಿಕದ ಬೀಗ. ಗಡ್ಡೆಯೊಳಗೆ ಬಿದ್ದ ಬೀಗ ಮಕ್ಕಳಿಗೆ ಬಳುವಳಿಯಾಗಿ ಬರುವಂಥದ್ದಲ್ಲ. ಹಾಗಾಗಿ ಡಾಕ್ಟರನ್ನು ಒಂದು ಮಾತು ಕೇಳಿ: ‘ಎಂಎಲ್‌ಎಚ್1 ಮೀಥೈಲೇಷನ್ ಪರೀಕ್ಷೆ ಮಾಡಿಸೋಣವೇ?’

ಬೀಗ ಕಾಣದಿದ್ದರೆ, ಅಥವಾ ನಿಮ್ಮವರಲ್ಲಿ ಸಣ್ಣ ವಯಸ್ಸಿಗೇ ದೊಡ್ಡ ಕರುಳಿನ, ಗರ್ಭಕೋಶದ ಕ್ಯಾನ್ಸರ್ ಬಂದವರಿದ್ದರೆ, ವಂಶದಲ್ಲಿ ಬರುವ ಲಿಂಚ್ ಸಿಂಡ್ರೋಮಿನ ಅನುಮಾನ. ಆಗಲೂ ಮೊದಲು ರಕ್ತ ಕೊಡಬೇಕಾದವರು ಅಪ್ಪ. ಅಲ್ಲಿ ದೋಷ ಸಿಕ್ಕರೆ ಮಾತ್ರ ನಿಮ್ಮಿಬ್ಬರಿಗೂ ತಲಾ 50% ಸಾಧ್ಯತೆ. ಅಷ್ಟರಲ್ಲಿ ಹಿರಿಯ ಸೋದರತ್ತೆಯ ಬಳಿ ಕೂತು ಯಾರು ಯಾವ ವಯಸ್ಸಿಗೆ, ಯಾವ ಕಾಯಿಲೆಯಿಂದ ಹೋದರೆಂದು ಬರೆದುಕೊಳ್ಳಿ. ‘ಹೊಟ್ಟೆನೋವಿಂದ ಹೋದ’ ಎಂದಷ್ಟೇ ಹೇಳಿದರೂ ಬಿಡಬೇಡಿ.

ಇದೇ ಎಂಎಸ್‌ಐ-ಹೈ ಅಪ್ಪನಿಗೆ ಉಪಕಾರವನ್ನೂ ಮಾಡೀತು. ತಪ್ಪು ತುಂಬಿದ ಗಡ್ಡೆಯನ್ನು ದೇಹದ ರಕ್ಷಣಾ ಪಡೆ ಬೇಗ ಗುರುತಿಸುತ್ತದೆ. ಪೆಂಬ್ರೊಲಿಜುಮ್ಯಾಬ್‌ನಂಥ ಇಮ್ಯುನೊಥೆರಪಿ ಔಷಧಿಗಳು ಇಂಥ ಗಡ್ಡೆಗಳಲ್ಲೇ ಚೆನ್ನಾಗಿ ಕೆಲಸ ಮಾಡುತ್ತವೆ. ದುಬಾರಿ, ನಿಜ. ಕೀಮೋ ಶುರುವಾಗುವ ಮುನ್ನವೇ ಆಂಕಾಲಜಿಸ್ಟ್ ಬಳಿ ಈ ಮಾತೆತ್ತಿ.

ನೀವಿಬ್ಬರೂ ಹೆಲಿಕೋಬ್ಯಾಕ್ಟರ್ ಪೈಲೋರಿ ಪರೀಕ್ಷೆ ಮಾಡಿಸಿಕೊಳ್ಳಿ. ಈ ಬ್ಯಾಕ್ಟೀರಿಯಾ ಇದ್ದರೆ ಆ್ಯಂಟಿಬಯೋಟಿಕ್‌ನಿಂದ ಹೋಗುತ್ತದೆ, ಹೊಟ್ಟೆಯ ಕ್ಯಾನ್ಸರಿನ ಅಪಾಯವೂ ತಗ್ಗುತ್ತದೆ.

ಇನ್ನು ತಂಗಿಯ ಮದುವೆ. ಅಪ್ಪನ ಕಾಯಿಲೆ ಮುಚ್ಚಿಡಬೇಡಿ. ‘ಜೀನ್ ದೋಷ’ ಎಂದು ಹೇಳಿಕೊಳ್ಳಲು ಮಾತ್ರ ನಿಮ್ಮ ಕೈಯಲ್ಲಿ ಸದ್ಯ ಏನೂ ಇಲ್ಲ.