ಸವೆದ ಬಿಡಿಭಾಗ: ಬದಲಿಸುವುದು ಯಾವಾಗ, ತರಿಸುವುದು ಎಲ್ಲಿಂದ?

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ಒಕ್ಕಲುತನದಲ್ಲಿ ಕೆಲಸಕ್ಕೆ ಸಿಗುವ ದಿನಗಳು ಕಡಿಮೆ. ಎರೆಭೂಮಿಯ ಹದ ಆರುವುದರೊಳಗೆ ಹರಗುವುದು, ಬಿತ್ತುವುದು ಮುಗಿಯಬೇಕು. ತೊಗರಿ ಹೂವಾಡಿ ಕಾಯಿಕೊರಕ ಕಂಡಾಗ ಸಿಂಪರಣೆಯನ್ನು ಮುಂದೂಡಲಾಗದು. ಅಂಥ ಹೊತ್ತಿನಲ್ಲಿ ಚಿಕ್ಕದೊಂದು ವಾಷರು ಹೋದರೂ ಕೆಲಸ ನಿಲ್ಲುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹೊರದೇಶದ ಚಾಟನಿ ಕತ್ತರಿ, ಕಳೆ ಕತ್ತರಿಸುವ ಯಂತ್ರ, ಎಂಜಿನ್ ಸಿಂಪರಣಾ ಯಂತ್ರಗಳೂ ಹೊಲ ತೋಟಗಳಿಗೆ ಬಂದಿವೆ. ಇವುಗಳ ಬಿಡಿಭಾಗವನ್ನು ಹೊರದೇಶದಿಂದಲೇ ತರಿಸಹೊರಟರೆ ಭಾಗದ ಬೆಲೆಗಿಂತ ಸಾಗಣೆಯ ಖರ್ಚೇ ಹೆಚ್ಚಾಗುವುದುಂಟು. ಆದ್ದರಿಂದ ಯಾವ ಭಾಗವನ್ನು ಎಲ್ಲಿ ಕೊಳ್ಳಬೇಕೆಂಬುದನ್ನು ಹಂಗಾಮಿಗೆ ಮೊದಲೇ ತಿಳಿದಿರುವುದು ಲೇಸು.

ಸವೆತವನ್ನು ಗುರುತಿಸುವುದು

ಕುಂಟೆಯ ಕುಡ: ಅಂಚು ಮೊಂಡಾದ ಕುಡ ಕಸವನ್ನು ಕೊಯ್ಯದೆ ಜಾರಿಸಿ ಬಿಡುತ್ತದೆ, ಎತ್ತುಗಳಿಗೆ ಎಳೆತ ಹೆಚ್ಚಾಗುತ್ತದೆ. ಕುಲುಮೆಯಲ್ಲಿ ಹಣಿಸಿದರೆ ಅಂಚು ಮರಳಿ ಬರುತ್ತದೆ. ಅಗಲ ತೀರ ಕಡಿಮೆಯಾಗಿ, ನಡುವೆ ಬಾಗಿದ್ದರೆ ಹೊಸ ಕುಡವನ್ನೇ ಹಾಕಿಸಬೇಕು.

ಸಿಂಪರಣಾ ಯಂತ್ರದ ನಾಜಲ್: ಇದರ ಸವೆತ ಕಣ್ಣಿಗೆ ಕಾಣದು, ಅಳೆದೇ ನೋಡಬೇಕು. ಶುದ್ಧ ನೀರು ತುಂಬಿ, ಒಂದೇ ಒತ್ತಡದಲ್ಲಿ ಹೊಸ ನಾಜಲ್ ಹಾಗೂ ಹಳೆಯ ನಾಜಲ್‌ನಿಂದ ಒಂದೊಂದು ನಿಮಿಷ ಬರುವ ನೀರನ್ನು ಅಳತೆಯ ಪಾತ್ರೆಯಲ್ಲಿ ಹಿಡಿಯಬೇಕು. ಹೊಸದರಲ್ಲಿ 800 ಮಿ.ಲೀ. ಬಂದು ಹಳೆಯದರಲ್ಲಿ 880 ಮಿ.ಲೀ.ಗಿಂತ ಹೆಚ್ಚು ಬಂದರೆ, ಎಂದರೆ ಶೇ. 10ಕ್ಕಿಂತ ಹೆಚ್ಚಾದರೆ, ನಾಜಲ್ ಬದಲಿಸಬೇಕು. ಶೇ. 20ರಷ್ಟು ಹೆಚ್ಚು ಸುರಿಯುವ ನಾಜಲ್‌ನಿಂದ ಎಕರೆಗೆ 200 ಲೀಟರ್ ಬದಲು 240 ಲೀಟರ್ ದ್ರಾವಣ ಹೋಗುತ್ತದೆ. ಲೀಟರಿಗೆ 2 ಮಿ.ಲೀ. ಔಷಧಿಯಾದರೆ 400 ಮಿ.ಲೀ. ಬದಲು 480 ಮಿ.ಲೀ. ಖರ್ಚಾಗುತ್ತದೆ. ಹನಿಗಳೂ ದಪ್ಪವಾಗಿ ಎಲೆಯಿಂದ ಜಾರುತ್ತವೆ. ನಾಜಲ್ ಕಟ್ಟಿಕೊಂಡರೆ ತಂತಿ, ಸೂಜಿ ಚುಚ್ಚಬಾರದು, ಬಾಯಿಂದ ಊದಲೂಬಾರದು. ಮೆತ್ತನೆಯ ಬ್ರಶ್ಶಿನಿಂದ ತೊಳೆಯಬೇಕು.

ಚಾಟನಿ ಕತ್ತರಿ: ದ್ರಾಕ್ಷಿಗೆ ಏಪ್ರಿಲ್ ಹಾಗೂ ಅಕ್ಟೋಬರ್ ಚಾಟನಿ, ನಿಂಬೆಗೆ ಒಣ ಟೊಂಗೆ ಮತ್ತು ನೀರು ಚಿಗುರು ತೆಗೆಯುವ ಕೆಲಸ ಇದರದು. ಮೊಂಡು ಕತ್ತರಿ ಟೊಂಗೆಯನ್ನು ಕೊಯ್ಯದೆ ಜಜ್ಜುತ್ತದೆ. ಗಾಯ ಬೇಗ ಮಾಯುವುದಿಲ್ಲ. ಮೊದಲು ಅಲಗನ್ನು ಸಾಣೆಗಲ್ಲಿಗೆ ಹಿಡಿದು, ನಡುವಿನ ಬೋಲ್ಟನ್ನು ಬಿಗಿಮಾಡಿ ನೋಡಬೇಕು. ಆಗಲೂ ತೆಳ್ಳನೆಯ ಕಾಗದ ಕತ್ತರಿಸದಿದ್ದರೆ ಅಲಗು ಬದಲಿಸಬೇಕು.

ಹಿಂದಿನದೊಂದು ನಿದರ್ಶನ

ಕಬ್ಬಿಣದ ನೇಗಿಲು ಈ ಭಾಗಕ್ಕೆ ಹೊಸದಾಗಿದ್ದ ಕಾಲದಲ್ಲಿ ಉಪಕರಣ ಹಡಗಿನಲ್ಲಿ ಬರುತ್ತಿತ್ತು. ಅದರ ಬಿಡಿಭಾಗವೂ ಹಾಗೆಯೇ ಬರಬೇಕಿತ್ತು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1903ರಲ್ಲಿ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣದಿಂದ ಭೂಮಿ ಕೆಡುತ್ತದೆಂಬ ಅಂಜಿಕೆಯಿಂದ ರೈತರು ಮೊದಮೊದಲು ಅದನ್ನು ಕೊಳ್ಳಲಿಲ್ಲ. 1910ರಲ್ಲಿ ಕಾರ್ಖಾನೆ ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿಗೆ ಹೋಯಿತು. ನೇಗಿಲು ಹತ್ತಿರದಲ್ಲಿ ತಯಾರಾದರೆ ಸವೆದ ಗುಳಕ್ಕೆ ಬದಲಿಯೂ ಹತ್ತಿರದಲ್ಲೇ ಸಿಗುತ್ತದೆ. ಉಪಕರಣ ಕೊಳ್ಳುವಾಗ ಬೆಲೆಯೊಡನೆ ಬದಲಿ ಭಾಗ ಎಲ್ಲಿ ಸಿಗುತ್ತದೆಂದೂ ಕೇಳಬೇಕೆಂಬುದು ಇದರಿಂದ ಕಲಿಯುವ ಪಾಠ.

ಅಳತೆ ತಿಳಿದರೆ ಅಂಗಡಿ ಹತ್ತಿರ

ಯಂತ್ರ ಹೊರದೇಶದ್ದಾದರೂ ಅದರ ಎಲ್ಲ ಭಾಗಗಳೂ ಅಲ್ಲಿಂದಲೇ ಬರಬೇಕಿಲ್ಲ. ಬೇರಿಂಗಿನ ಮೇಲಿನ ಅಂಕಿ ಜಗತ್ತಿಗೆಲ್ಲ ಒಂದೇ. 6203 ಎಂದಿದ್ದರೆ ಒಳ ವ್ಯಾಸ 17, ಹೊರ ವ್ಯಾಸ 40, ದಪ್ಪ 12 ಮಿ.ಮೀ. ಇದು ಪಟ್ಟಣದ ಅಂಗಡಿಯಲ್ಲೂ ದೊರೆಯುತ್ತದೆ. ಆಯಿಲ್ ಸೀಲಿನ ಮೇಲೆ 25-40-7 ಎಂದಿದ್ದರೆ ಅದು ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಬೆಲ್ಟು, ಸ್ಪಾರ್ಕ್ ಪ್ಲಗ್ಗುಗಳಿಗೂ ಇಂಥ ಅಂಕಿಗಳಿವೆ. ಭಾಗ ಸವೆದು ಅಂಕಿ ಅಳಿಸುವ ಮೊದಲೇ ಅದನ್ನು ವಹಿಯಲ್ಲಿ ಬರೆದಿಡಬೇಕು.

ಬುಶ್, ಪಿನ್ನು, ಸ್ಪ್ರಿಂಗುಗಳನ್ನು ಮಾದರಿ ತೋರಿಸಿ ಲೇಥ್ ಅಂಗಡಿಯಲ್ಲಿ ಮಾಡಿಸಬಹುದು. ಆದರೆ ಕಳೆ ಕತ್ತರಿಸುವ ಯಂತ್ರದ ವೇಗವಾಗಿ ತಿರುಗುವ ಅಲಗನ್ನು ಎಂದಿಗೂ ವೆಲ್ಡಿಂಗ್ ಮಾಡಿಸಬಾರದು. ಬಿರುಕುಬಿಟ್ಟ ಅಲಗು ತುಂಡಾಗಿ ಸಿಡಿದರೆ ಪ್ರಾಣಕ್ಕೇ ಅಪಾಯ.

ಹೊರದೇಶದಿಂದ ತರಿಸುವ ಲೆಕ್ಕ

ಬೇರೆ ದಾರಿಯೇ ಇಲ್ಲದಾಗ ಖರ್ಚನ್ನು ನಾಲ್ಕು ಬಾಬುಗಳಲ್ಲಿ ಬರೆಯಬೇಕು: ಭಾಗದ ಬೆಲೆ, ಸಾಗಣೆ, ಸುಂಕ ಮತ್ತು ತೆರಿಗೆ, ಕೊರಿಯರ್ ಸಂಸ್ಥೆಯ ಶುಲ್ಕ. ಸುಂಕವನ್ನು ಭಾಗದ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆಯನ್ನೂ ಕೂಡಿಸಿದ ಮೊತ್ತದ ಮೇಲೆ ಹಾಕುತ್ತಾರೆ. ಪೊಟ್ಟಣ ಹಗುರಾಗಿದ್ದರೂ ಗಾತ್ರ ದೊಡ್ಡದಿದ್ದರೆ ಗಾತ್ರವನ್ನೇ ತೂಕಕ್ಕೆ ಹಿಡಿಯುವ ಪದ್ಧತಿಯೂ ಇದೆ.

ಲೆಕ್ಕ ತಿಳಿಯಲು ಒಂದು ಕಲ್ಪಿತ ಉದಾಹರಣೆ: ಅಲಗಿನ ಬೆಲೆ ರೂ. 1,000, ಸಾಗಣೆ ರೂ. 2,400, ಎರಡೂ ಸೇರಿದ 3,400ರ ಮೇಲೆ ಸುಂಕ, ತೆರಿಗೆ ಒಟ್ಟು ಶೇ. 30 ಎಂದು ಹಿಡಿದರೆ ರೂ. 1,020, ಕೊರಿಯರ್ ಶುಲ್ಕ ರೂ. 500. ಒಟ್ಟು ರೂ. 4,920. ಸಾವಿರದ ಅಲಗಿಗೆ ಹೆಚ್ಚುಕಡಿಮೆ ಐದು ಪಟ್ಟು ಬಿತ್ತು. ಐವರು ಬೆಳೆಗಾರರು ಕೂಡಿ ಅಂಥ ಐದು ಅಲಗುಗಳನ್ನು ಒಂದೇ ಪೊಟ್ಟಣದಲ್ಲಿ ತರಿಸಿ, ಸಾಗಣೆ ಅಷ್ಟೇ ಉಳಿದರೆ, ಬೆಲೆ 5,000, ಸಾಗಣೆ 2,400, ತೆರಿಗೆ 2,220, ಶುಲ್ಕ 500, ಒಟ್ಟು ರೂ. 10,120. ಒಂದಕ್ಕೆ ರೂ. 2,024 ಮಾತ್ರ. ಸುಂಕದ ದರ ಬದಲಾಗುತ್ತಿರುವುದರಿಂದ ತರಿಸುವ ಮುನ್ನ ಅಂದಿನ ದರ ವಿಚಾರಿಸಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ಹಂಗಾಮು ಮುಗಿದೊಡನೆ ಉಪಕರಣ ತೊಳೆದು, ಒರೆಸಿ, ಎಣ್ಣೆ ಸವರಿ ಇಡಬೇಕು. ಸವೆದ ಭಾಗಗಳ ಪಟ್ಟಿಯನ್ನು ಆಗಲೇ ಮಾಡಬೇಕು.

2. ಕುಲುಮೆ, ಪಟ್ಟಣದ ಅಂಗಡಿ, ದೇಶದೊಳಗಿನ ವಿತರಕ, ಕೊನೆಗೆ ಹೊರದೇಶ: ಇದೇ ಕ್ರಮದಲ್ಲಿ ವಿಚಾರಿಸಬೇಕು.

3. ಬೇಗ ಸವೆಯುವ ವಾಷರು, ನಾಜಲ್, ಸ್ಪ್ರಿಂಗುಗಳ ಒಂದು ಜೊತೆಯನ್ನು ಮನೆಯಲ್ಲಿ ಇಟ್ಟಿರಬೇಕು.

4. ಹೊರದೇಶದ ಭಾಗ ತರಿಸುವುದಾದರೆ ಚಾಟನಿಗೆ ಎರಡು ಮೂರು ತಿಂಗಳು ಮೊದಲೇ, ನಾಲ್ಕಾರು ಜನ ಕೂಡಿ ತರಿಸಬೇಕು.

5. ಬದಲಿ ಭಾಗದ ಒಟ್ಟು ಖರ್ಚು ಹೊಸ ದೇಶೀ ಉಪಕರಣದ ಬೆಲೆಯನ್ನು ಮೀರುವಂತಿದ್ದರೆ, ಬಿಡಿಭಾಗ ಸುಲಭವಾಗಿ ಸಿಗುವ ದೇಶೀ ಉಪಕರಣವನ್ನೇ ಕೊಳ್ಳುವುದು ಹಿತಕರ.