ಪಾಲಿಸಿ ರದ್ದಾಗಿದೆ ಎಂಬ ಪತ್ರ ಬಂದರೆ

ಪ್ರಶ್ನೆ: ನನ್ನ ಕಾರಿನ ಇನ್ಶೂರೆನ್ಸ್ ಮುಗಿಯುವುದರಲ್ಲಿತ್ತು. ಏಜೆಂಟರ ಕೈಗೆ ಚೆಕ್ ಕೊಟ್ಟೆ. ಅದೇ ಸಂಜೆ ವಾಟ್ಸಾಪಿಗೆ ಹೊಸ ಪಾಲಿಸಿ ಬಂತು. ಆ ಧೈರ್ಯದಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿಬಂದೆ. ಮೂರು ವಾರದ ಮೇಲೆ ಕಂಪನಿಯಿಂದ ರಿಜಿಸ್ಟರ್ಡ್ ಪತ್ರ: ಚೆಕ್ ಪಾಸಾಗಿಲ್ಲ, ಪಾಲಿಸಿ ಆರಂಭದ ದಿನದಿಂದಲೇ ರದ್ದು. ಖಾತೆಯಲ್ಲಿ ಸ್ವಲ್ಪ ಹಣ ಕಡಿಮೆಯಿತ್ತು, ತಪ್ಪು ನನ್ನದೇ. ಆದರೂ ಕೊಟ್ಟ ಪಾಲಿಸಿಯನ್ನು ಹಿಂದಿನ ತಾರೀಖಿನಿಂದ ಹೀಗೆ ಕಿತ್ತುಕೊಳ್ಳಬಹುದೇ? ಘಾಟಿಯಲ್ಲಿ ಏನಾದರೂ ಆಗಿದ್ದರೆ ನನ್ನ ಗತಿ ಏನಿತ್ತು? ಒಮ್ಮೆ ಪಾಲಿಸಿ ಕ್ಯಾನ್ಸಲ್ ಆದರೆ ಆಮೇಲೆ ಸಿಕ್ಕಾಪಟ್ಟೆ ಪ್ರೀಮಿಯಂ ಕಟ್ಟಬೇಕು ಎಂದು ಕ್ಯಾಲಿಫೋರ್ನಿಯದಲ್ಲಿರುವ ಮಗಳು ಹೆದರಿಸುತ್ತಾಳೆ. ಇಲ್ಲೂ ಹಾಗೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಘಾಟಿಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಆಗುಂಬೆಯ ಒಂದು ತಿರುವಿನಲ್ಲಿ ನಿಮ್ಮ ಕಾರು ತಡೆಗೋಡೆಗೆ ಬಡಿದಿದ್ದರೆ ರಿಪೇರಿಗೆ ಕಂಪನಿಯಿಂದ ಬಿಡಿಗಾಸೂ ಹುಟ್ಟುತ್ತಿರಲಿಲ್ಲ. ಅದೇ ತಿರುವಿನಲ್ಲಿ ಎದುರು ಬಂದ ಬೈಕಿಗೆ ಗುದ್ದಿ ಸವಾರನ ಕಾಲು ಮುರಿದಿದ್ದರೆ ಅವನಿಗೆ ಪರಿಹಾರವನ್ನು ಕಂಪನಿಯೇ ಕೊಡಬೇಕಾಗುತ್ತಿತ್ತು. ಕಾರು ಅದೇ, ಪಾಲಿಸಿ ಅದೇ, ವಾಪಸಾದ ಚೆಕ್ಕೂ ಅದೇ. ಒಂದಕ್ಕೆ ಇಲ್ಲ, ಇನ್ನೊಂದಕ್ಕೆ ಉಂಟು. ಇದು ಯಾಕೆ ಹೀಗೆ ಎನ್ನುವುದು ತಿಳಿದರೆ ಪಾಲಿಸಿ ರದ್ದತಿಯ ಅರ್ಧ ಗುಟ್ಟು ತಿಳಿದಂತೆ.

ನಾವು ಬಾಯಿಮಾತಿನಲ್ಲಿ 'ಫುಲ್ ಇನ್ಶೂರೆನ್ಸ್' ಎನ್ನುವ ಪಾಲಿಸಿಯಲ್ಲಿ ಎರಡು ಭಾಗ ಒಟ್ಟಿಗೆ ಹೊಲಿದಿರುತ್ತವೆ. ಓನ್ ಡ್ಯಾಮೇಜ್ ನಿಮ್ಮ ಕಾರಿಗೆ ಸಂಬಂಧಿಸಿದ್ದು. ಅದು ನಿಮಗೂ ಕಂಪನಿಗೂ ನಡುವಿನ ವ್ಯಾಪಾರ, ಬೇಕಿದ್ದರೆ ಮಾಡಿಸಿ, ಬೇಡವಾದರೆ ಬಿಡಿ. ಥರ್ಡ್ ಪಾರ್ಟಿ ನಿಮ್ಮ ಕಾರಿನಿಂದ ಪೆಟ್ಟು ತಿನ್ನಬಹುದಾದ, ನೀವು ಹೆಸರೂ ಕೇಳಿರದ ಯಾರಿಗೋ ಸಂಬಂಧಿಸಿದ್ದು. ಅದನ್ನು 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿದೆ. ಪಾಲಿಸಿ ರದ್ದಾಗುವಾಗ ಕಾನೂನು ನಿಮ್ಮ ಕೈಯನ್ನು ತಟ್ಟನೆ ಬಿಟ್ಟುಬಿಡುತ್ತದೆ. ಆ ಅಪರಿಚಿತನ ಕೈಯನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಹಣ ಬರುವ ಮೊದಲು ಕಂಪನಿ ಹೊಣೆ ಹೊರಬಾರದು ಎನ್ನುವುದು ಹಳೆಯ ನಿಯಮ. 1938ರ ವಿಮಾ ಕಾಯ್ದೆಯ 64ವಿಬಿ ಕಲಂ ಅದನ್ನು ಹೇಳುತ್ತದೆ. ಇನ್ಶೂರೆನ್ಸ್ ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಈ ಸಂಖ್ಯೆ ಮನೆದೇವರ ಹೆಸರಿನಷ್ಟೇ ಪರಿಚಿತ. ಅದೇ ಕಲಂ ಏಜೆಂಟರಿಗೂ ಒಂದು ಕಟ್ಟು ಹಾಕಿದೆ: ಗ್ರಾಹಕನಿಂದ ಪಡೆದ ಪ್ರೀಮಿಯಮನ್ನು ರಜಾದಿನ ಬಿಟ್ಟು 24 ಗಂಟೆಯೊಳಗೆ ಕಂಪನಿಗೆ ಮುಟ್ಟಿಸಬೇಕು ಅಥವಾ ಅಂಚೆಗೆ ಹಾಕಬೇಕು. ವಾಪಸು ಕೊಡಬೇಕಾದ ಹಣವಿದ್ದರೆ ಅದು ನೇರ ಗ್ರಾಹಕನಿಗೇ ಹೋಗಬೇಕು, ಏಜೆಂಟರ ಖಾತೆಗಲ್ಲ. ಚೆಕ್ ಎಂದರೆ ಹಣ ಕೊಡುವ ಮಾತು. ಮಾತು ಬಿದ್ದುಹೋದರೆ ಕರಾರೂ ಬಿತ್ತು ಎಂಬುದು ಕಂಪನಿಯ ವಾದ. 'ಆರಂಭದ ದಿನದಿಂದಲೇ ರದ್ದು' ಎಂದು ನಿಮಗೆ ಬರೆದದ್ದು ಇದೇ ಆಧಾರದ ಮೇಲೆ. ಕಿತ್ತುಕೊಂಡರು ಎಂದು ನಿಮಗೆ ಅನ್ನಿಸಿದೆ. ಕೊಟ್ಟೇ ಇರಲಿಲ್ಲ ಎಂದು ಅವರು ಹೇಳುತ್ತಾರೆ.

ಈ ವಾದ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ಸುಪ್ರೀಂ ಕೋರ್ಟು ಹಲವು ಸಲ ಅಳೆದು ನೋಡಿದೆ. 2001ರಲ್ಲಿ ತೀರ್ಪಾದ ಒಂದು ಪ್ರಕರಣದಲ್ಲಿ ಮಾರುತಿ ಕಾರಿನ ಮಾಲೀಕರೊಬ್ಬರು 1993ರ ಡಿಸೆಂಬರಿನಲ್ಲಿ ಪ್ರೀಮಿಯಂ ಚೆಕ್ ಕೊಟ್ಟಿದ್ದರು. ಹತ್ತೇ ದಿನಕ್ಕೆ ಅಪಘಾತದಲ್ಲಿ ಅವರು ತೀರಿಕೊಂಡರು, ಕಾರು ನಜ್ಜುಗುಜ್ಜಾಯಿತು. ಚೆಕ್ ಪಾಸಾಗಿಲ್ಲ ಎಂದು ಬ್ಯಾಂಕು ತಿಳಿಸಿದ್ದು ಅದಾದ ಮೇಲೆ, ಜನವರಿಯಲ್ಲಿ. ಅಪಘಾತದ ಹೊತ್ತಿಗೆ ಪಾಲಿಸಿ ರದ್ದಾಗಿರಲೇ ಇಲ್ಲ. ಆದರೂ ಮನೆಯವರು ಕಾರಿನ ನಷ್ಟಕ್ಕೆ ಕೇಳಿದ ಹಣವನ್ನು ಕಂಪನಿ ಕೊಡಬೇಕಿಲ್ಲ ಎಂದಿತು ನ್ಯಾಯಾಲಯ. ಹಣ ಬಂದಿಲ್ಲ, ಹಾಗಾಗಿ ಕರಾರಿನ ಪಾಲೂ ಇಲ್ಲ.

ಇದರ ಪಕ್ಕದಲ್ಲಿ 2012ರ ಇನ್ನೊಂದು ತೀರ್ಪನ್ನು ಇಟ್ಟು ನೋಡಿ. ಇದು ನಮ್ಮ ಕರ್ನಾಟಕದಿಂದಲೇ ದಿಲ್ಲಿಗೆ ಹೋದ ಕೇಸು. ಬಸ್ಸೊಂದಕ್ಕೆ 2004ರ ಏಪ್ರಿಲ್ 16ರಿಂದ ಜಾರಿಯಾಗುವ ಪಾಲಿಸಿ ಕೊಟ್ಟಿದ್ದರು. ಮೇ 11ರಂದು ಅಪಘಾತ. ಚೆಕ್ ಬೌನ್ಸಾಗಿದೆ, ಪಾಲಿಸಿ ರದ್ದು ಎಂದು ಕಂಪನಿ ಪತ್ರ ಬರೆದದ್ದು ಮೇ 13ಕ್ಕೆ, ಎರಡು ದಿನ ತಡವಾಗಿ. ಮಾಲೀಕನ ಕೈಗೆ ಅದು ಸಿಕ್ಕಿದ್ದು 21ಕ್ಕೆ. ಇಲ್ಲೂ ಹಣ ಬಂದಿರಲಿಲ್ಲ. ಆದರೆ ಕೇಳುತ್ತಿದ್ದವರು ಮಾಲೀಕರಲ್ಲ, ಬಸ್ಸಿನಲ್ಲಿದ್ದ ಪ್ರಯಾಣಿಕರ ಕಡೆಯವರು. ಪಾಲಿಸಿ ಕೊಟ್ಟಿದ್ದೀರಿ, ರದ್ದು ಮಾಡಿ ತಿಳಿಸುವ ಮೊದಲೇ ಅಪಘಾತ ಆಗಿದೆ, ಹಾಗಾಗಿ ನೀವೇ ಕೊಡಿ, ಬೇಕಾದರೆ ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಿ ಎಂದಿತು ನ್ಯಾಯಾಲಯ.

ಇವೆರಡರ ನಡುವೆ 2008ರ ತೀರ್ಪೊಂದಿದೆ, ಅದೂ ಕರ್ನಾಟಕದ್ದೇ. 1997ರ ಅಕ್ಟೋಬರಿನಲ್ಲಿ ಕೊಟ್ಟ ಚೆಕ್ ವಾಪಸಾಯಿತು. ನವೆಂಬರಿನಲ್ಲೇ ಕಂಪನಿ ಪಾಲಿಸಿ ರದ್ದುಮಾಡಿ ಮಾಲೀಕನಿಗೂ ಆರ್‌ಟಿಒಗೂ ತಿಳಿಸಿತು. ಅಪಘಾತ ಆದದ್ದು 1998ರ ಫೆಬ್ರವರಿಯಲ್ಲಿ. ಕಂಪನಿ ಎಲ್ಲವನ್ನೂ ಕ್ರಮವಾಗಿ ಮಾಡಿತ್ತು, ಹಾಗಾಗಿ ಅದಕ್ಕೆ ಹೊಣೆಯಿಲ್ಲ ಎಂದು ನ್ಯಾಯಾಲಯ ಒಪ್ಪಿತು. ಒಪ್ಪಿದ ಮೇಲೂ ಸಂವಿಧಾನದ 142ನೇ ವಿಧಿಯ ವಿಶೇಷಾಧಿಕಾರ ಬಳಸಿ, ಸಂತ್ರಸ್ತರಿಗೆ ಮೊದಲು ನೀವು ಕೊಟ್ಟು ಮಾಲೀಕನಿಂದ ಪಡೆದುಕೊಳ್ಳಿ ಎಂದು ಕಂಪನಿಗೇ ಹೇಳಿತು. ಬಡವರು ವಾಹನ ಮಾಲೀಕನ ಹಿಂದೆ ಅಲೆದು ಹಣ ಪಡೆಯುವುದು ಎಷ್ಟು ಕಷ್ಟವೆಂಬುದನ್ನು ಕ್ಲೇಮು ಕೋರ್ಟಿನ ಜಗಲಿಯಲ್ಲಿ ಅರ್ಧ ದಿನ ಕೂತವರೂ ಬಲ್ಲರು. ಆದರೆ ಇಂಥ ವಿಶೇಷಾಧಿಕಾರ ಪ್ರತಿ ಸಲವೂ ಕೈಹಿಡಿಯುತ್ತದೆ ಎಂದುಕೊಳ್ಳಬೇಡಿ.

ಮೂರರಲ್ಲೂ ಒಂದು ಮಾತು ಮಾತ್ರ ಬದಲಾಗಿಲ್ಲ, ನೀವು ಗಮನಿಸಿರಬಹುದು. ಕಂಪನಿ ಅಪರಿಚಿತನಿಗೆ ಕೊಟ್ಟರೂ ಕೊನೆಗೆ ಬಿಲ್ಲು ಬಂದು ನಿಲ್ಲುವುದು ಚೆಕ್ ಬರೆದವನ ಬಾಗಿಲಿಗೇ.

ಚೆಕ್ ಬೌನ್ಸಿನ ಹೊರತು ಬೇರೆ ಯಾವ ಕಾರಣಕ್ಕೆ ಕಂಪನಿ ಪಾಲಿಸಿ ರದ್ದು ಮಾಡಬಹುದು? ಹಿಂದೆ ಅವರಿಗೆ ಇದರಲ್ಲಿ ಕೈ ಸಡಿಲವಿತ್ತು. ಏಳು ದಿನದ ನೋಟಿಸು ಕೊಟ್ಟು, ಉಳಿದ ಅವಧಿಯ ಹಣ ಹಿಂದಿರುಗಿಸಿದರೆ ಮುಗಿಯಿತು. 2024ರ ಜೂನ್ 11ರಂದು ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಹೊರಡಿಸಿದ ಮಾಸ್ಟರ್ ಸರ್ಕ್ಯುಲರ್ ಆ ಕೈಯನ್ನು ಕಟ್ಟಿಹಾಕಿತು. ನಮ್ಮ ನಿಮ್ಮಂಥ ಸಾಮಾನ್ಯ ಗ್ರಾಹಕರ ಪಾಲಿಸಿಯನ್ನು ವಂಚನೆ ರುಜುವಾತಾದರೆ ಮಾತ್ರ ರದ್ದು ಮಾಡಬಹುದು, ಅದಕ್ಕೂ ಕನಿಷ್ಠ ಏಳು ದಿನದ ನೋಟಿಸು ಬೇಕು. ಗ್ರಾಹಕನಿಗೆ ಮಾತ್ರ ಕಾರಣ ಹೇಳದೆಯೇ ರದ್ದುಮಾಡಿಸುವ ಸ್ವಾತಂತ್ರ್ಯ ಸಿಕ್ಕಿತು. ಕ್ಲೇಮು ಮಾಡಿರದಿದ್ದರೆ ವಾರ್ಷಿಕ ಪಾಲಿಸಿಯ ಉಳಿದ ಅವಧಿಗೆ ತಕ್ಕ ಹಣವೂ ವಾಪಸು. ಈ ಸುತ್ತೋಲೆ ನಿಮ್ಮ ನೆರವಿಗೆ ಬರುವುದು ಕಷ್ಟ. ಹಣವೇ ಮುಟ್ಟದ ಪಾಲಿಸಿಗೆ 64ವಿಬಿ ಅಡ್ಡ ನಿಲ್ಲುತ್ತದೆ.

ವಂಚನೆ ಎಂದಾಕ್ಷಣ ಕಳ್ಳ ನಂಬರ್ ಪ್ಲೇಟು, ನಕಲಿ ಆರ್‌ಸಿ ನೆನಪಾಗುತ್ತದೆ. ಆದರೆ ಸಭ್ಯ ಜನ ಗೊತ್ತಿಲ್ಲದೆ ಹೇಳುವ ಸುಳ್ಳೊಂದಿದೆ, ಅದರ ಹೆಸರು ಎನ್‌ಸಿಬಿ, ಅಂದರೆ ನೋ ಕ್ಲೇಮ್ ಬೋನಸ್. ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ ಅದು. ಓನ್ ಡ್ಯಾಮೇಜ್ ಪ್ರೀಮಿಯಮಿನ ಮೇಲೆ ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, ಐದು ವರ್ಷಕ್ಕೆ 50. ನಾನು ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗ ಪ್ರೀಮಿಯಂ ಇಷ್ಟು ಕಡಿಮೆಯೇ ಎಂದು ಹಿಗ್ಗಿದ್ದೆ. 'ಎಲ್ಲಾ ನಾನ್ ನೋಡ್ಕೋತೀನಿ ಸಾರ್' ಎಂದಿದ್ದ ಏಜೆಂಟರು ನೋಡಿಕೊಂಡದ್ದು ಇಷ್ಟೇ: ಮಾರಿದವರ ಶೇ 50ನ್ನು ನನ್ನ ಹೆಸರಿಗೆ ಅಂಟಿಸಿದ್ದರು. ಇನ್ಶೂರೆನ್ಸ್ ಆಫೀಸಿನಲ್ಲಿದ್ದ ಗೆಳೆಯ ಪಾಲಿಸಿ ನೋಡಿ, 'ಮಾರಾಯ, ಆ ಬೋನಸ್ಸು ಕಾರಿನದಲ್ಲ, ಕಾರು ಓಡಿಸಿದವನದು. ಅವನು ಅದನ್ನು ತನ್ನ ಹೊಸ ಕಾರಿಗೆ ಎತ್ತಿಕೊಂಡು ಹೋಗಿರ್ತಾನೆ' ಎಂದ. ಮರುದಿನವೇ ಹೋಗಿ ವ್ಯತ್ಯಾಸ ಕಟ್ಟಿಬಂದೆ. ಘೋಷಣೆ ಸುಳ್ಳೆಂದು ಕಂಡುಬಂದರೆ ಓನ್ ಡ್ಯಾಮೇಜ್ ಭಾಗದ ಸೌಲಭ್ಯವೆಲ್ಲ ಮುಟ್ಟುಗೋಲು ಎಂದು ಫಾರಮಿನಲ್ಲಿ ನಾವೇ ಸಹಿ ಹಾಕಿರುತ್ತೇವೆ. ಓದಿರುವುದಿಲ್ಲ, ಅಷ್ಟೆ. ವರ್ಷವೆಲ್ಲ ಯಾರೂ ಕೇಳುವುದಿಲ್ಲ. ಕ್ಲೇಮು ಹಾಕಿದ ದಿನ ಹಳೆಯ ಕಂಪನಿಗೆ ಒಂದು ವಿಚಾರಣೆ ಹೋಗುತ್ತದೆ.

ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸುವುದು, ಗ್ಯಾಸ್ ಕಿಟ್ ಹಾಕಿಸಿ ಪಾಲಿಸಿಯಲ್ಲಿ ನಮೂದಿಸದಿರುವುದು ಇದೇ ಸಾಲಿನವು. ಅಲ್ಲಿ ಪಾಲಿಸಿ ರದ್ದಾಗುವುದಕ್ಕಿಂತ ಕ್ಲೇಮು ತಿರಸ್ಕಾರವಾಗುವುದೇ ಹೆಚ್ಚು. ಕಾರು ಕೊಂಡವರು ಹೆಸರು ಬದಲಾಯಿಸಿಕೊಳ್ಳದೆ ಓಡಿಸುವುದಂತೂ ಊರೂರಲ್ಲಿ ಇದ್ದದ್ದೇ. ಥರ್ಡ್ ಪಾರ್ಟಿ ಭಾಗ ಕಾರಿನ ಜೊತೆ ತಾನಾಗಿ ಹೊಸ ಮಾಲೀಕನಿಗೆ ಬರುತ್ತದೆ, ಹದಿನಾಲ್ಕು ದಿನದೊಳಗೆ ಕಂಪನಿಗೆ ತಿಳಿಸಬೇಕು. ಓನ್ ಡ್ಯಾಮೇಜ್ ಹಾಗೆ ತಾನಾಗಿ ಬರುವುದಿಲ್ಲ. ಇಲ್ಲೂ ಮತ್ತೆ ಅದೇ: ಅಪರಿಚಿತನಿಗೆ ಒಂದು ನ್ಯಾಯ, ನಿಮಗೆ ಇನ್ನೊಂದು.

ಇನ್ನು ಮುಂದಿನ ಪರಿಣಾಮ. ಪತ್ರ ಕೈಸೇರಿದ ಗಳಿಗೆಯಿಂದ ನಿಮ್ಮ ಕಾರು ಇನ್ಶೂರೆನ್ಸ್ ಇಲ್ಲದ ಕಾರು. ಅದನ್ನು ರಸ್ತೆಗಿಳಿಸಿ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಮತ್ತೆ ಸಿಕ್ಕಿಬಿದ್ದರೆ ದಂಡ 4,000. ಟ್ರಾಫಿಕ್ ಪೊಲೀಸರ ಈ ದಂಡ ಚಿಲ್ಲರೆ ಮಾತು. ಇನ್ಶೂರೆನ್ಸ್ ಇಲ್ಲದ ವಾಹನ ಅಪಘಾತ ಮಾಡಿ ಯಾರಿಗಾದರೂ ಪೆಟ್ಟಾದರೆ, ಪರಿಹಾರಕ್ಕೆ ಸಾಕಾಗುವಷ್ಟು ಭದ್ರತೆ ಕೊಡುವವರೆಗೆ ವಾಹನವನ್ನು ಬಿಡಬಾರದು, ಕೊಡದಿದ್ದರೆ ಹರಾಜು ಹಾಕಬಹುದು ಎಂಬ ನಿಯಮ ಮೊದಲು ದಿಲ್ಲಿಯಲ್ಲಿತ್ತು. ಎಲ್ಲ ರಾಜ್ಯಗಳೂ ಅಂಥ ನಿಯಮ ತರಲಿ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಠಾಣೆಯ ಅಂಗಳದಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಂತ ವಾಹನಗಳನ್ನು ನೋಡಿಯೇ ಇರುತ್ತೀರಿ.

ಹೊಸ ಪಾಲಿಸಿ ಸಿಗುವುದೇನೂ ಕಷ್ಟವಿಲ್ಲ. ನಡುವೆ ಕಡಿತ ಬಿದ್ದಿರುವುದರಿಂದ ಓನ್ ಡ್ಯಾಮೇಜಿಗೆ ಕಾರನ್ನು ತಪಾಸಣೆ ಮಾಡುತ್ತಾರೆ, ಈಗ ಬಹುಪಾಲು ಮೊಬೈಲಿನಲ್ಲಿ ವೀಡಿಯೊ ತೆಗೆದು ಕಳಿಸಿದರೆ ಆಯಿತು. ಹಳೆಯ ಪಾಲಿಸಿ ಮುಗಿದು 90 ದಿನ ದಾಟಿದರೆ ಎನ್‌ಸಿಬಿ ಸೊನ್ನೆಗಿಳಿಯುತ್ತದೆ. ನಿಮ್ಮ ಲೆಕ್ಕದಲ್ಲಿ 'ಹಳೆಯ ಪಾಲಿಸಿ' ಎಂದರೆ ರದ್ದಾದ ಇದಲ್ಲ, ಇದರ ಹಿಂದಿನದು. ಆದ್ದರಿಂದ ತಡ ಮಾಡಬೇಡಿ. ಯಾವುದಾದರೂ ಕಂಪನಿ ನಿಮ್ಮ ಪಾಲಿಸಿಯನ್ನು ಎಂದಾದರೂ ರದ್ದು ಮಾಡಿತ್ತೇ ಎಂದು ಫಾರಮಿನಲ್ಲಿ ಕೇಳಿದರೆ ಹೌದೆಂದೇ ಬರೆಯಿರಿ. ಚೆಕ್ ಬೌನ್ಸಾಗಿದ್ದು ಮರವೆ ಎನಿಸೀತು, ಇದನ್ನು ಮುಚ್ಚಿಟ್ಟರೆ ಅದು ಸುಳ್ಳಿನ ಲೆಕ್ಕಕ್ಕೆ ಹೋಗುತ್ತದೆ.

ಮಗಳು ಹೇಳಿದ್ದು ಅವಳಿರುವ ಊರಿನ ಮಾತು. ಕ್ಯಾಲಿಫೋರ್ನಿಯದಲ್ಲೂ ಪಾಲಿಸಿ ಶುರುವಾಗಿ 60 ದಿನವಾದ ಮೇಲೆ ಮನಸ್ಸಿಗೆ ಬಂದಂತೆ ರದ್ದು ಮಾಡುವಂತಿಲ್ಲ, ಹಣ ಕಟ್ಟದಿರುವುದು, ಸುಳ್ಳು ಮಾಹಿತಿಯಂಥ ಕಾರಣ ಬೇಕು. ಆದರೆ ರದ್ದಾದರೆ ಸುದ್ದಿ ಕಂಪನಿಯಿಂದ ನೇರ ಸಾರಿಗೆ ಇಲಾಖೆಗೆ ಹೋಗಿ ಕಾರಿನ ನೋಂದಣಿಯೇ ಅಮಾನತಾಗಬಹುದು. ಕುಡಿದು ಓಡಿಸಿ ಲೈಸೆನ್ಸ್ ಕಳೆದುಕೊಂಡವರ ಪರವಾಗಿ ಕಂಪನಿ ಎಸ್‌ಆರ್-22 ಎಂಬ ಪ್ರಮಾಣಪತ್ರವನ್ನು ಸಾಮಾನ್ಯವಾಗಿ ಮೂರು ವರ್ಷ ಇಲಾಖೆಯಲ್ಲಿ ಇಟ್ಟಿರಬೇಕಾಗುತ್ತದೆ. ಅಲ್ಲಿ ಬೆಲೆ ಕಟ್ಟುವುದು ಮುಖ್ಯವಾಗಿ ಚಾಲಕನ ಚರಿತ್ರೆಗೆ. ನಮ್ಮಲ್ಲಿ ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ. 2022ರ ಜೂನ್ 1ರಿಂದ ಬಂದ ಪಟ್ಟಿಯ ಪ್ರಕಾರ 1000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1500ರವರೆಗೆ 3,416, ಅದಕ್ಕೂ ದೊಡ್ಡದಕ್ಕೆ 7,897. ಚೆಕ್ ಬೌನ್ಸಾದವನಿಗೂ ಅಷ್ಟೇ, ಹತ್ತು ಸಲ ಗುದ್ದಿದವನಿಗೂ ಅಷ್ಟೇ. ಇದು ನ್ಯಾಯವೇ ಎಂದು ನೀವು ಕೇಳಿಲ್ಲ. ಕೇಳಿದ್ದರೆ, ಜೋಪಾನವಾಗಿ ಓಡಿಸುವವರಿಗೆ ಇದು ಅನ್ಯಾಯ ಎಂದೇ ಹೇಳುತ್ತಿದ್ದೆ.

ಈಗ ಮಾಡಬೇಕಾದ್ದು ಹೆಚ್ಚಿಲ್ಲ. ಹೊಸ ಪಾಲಿಸಿಯ ಹಣವನ್ನು ಯುಪಿಐ ಅಥವಾ ಕಾರ್ಡಿನಲ್ಲಿ ನೇರ ಕಂಪನಿಗೇ ಕಟ್ಟಿ. ಪಾಲಿಸಿಯ ಮೇಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಎಂಪರಿವಾಹನ್ ಆ್ಯಪಿನಲ್ಲಿ ನಿಮ್ಮ ಗಾಡಿಯ ನಂಬರ್ ಹಾಕಿ ನೋಡಿ. ವಾಟ್ಸಾಪಿಗೆ ಬಂದದ್ದೆಲ್ಲ ಪಾಲಿಸಿಯಲ್ಲ. ಒಂದು ವೇಳೆ ನೀವು ಏಜೆಂಟರಿಗೆ ನಗದು ಕೊಟ್ಟು ಅವರು ಕಟ್ಟದೆ ಉಳಿಸಿಕೊಂಡಿದ್ದರೆ ಮಾತು ಬೇರೆಯಿತ್ತು. ಆಗ ಕಂಪನಿಗೆ ಲಿಖಿತ ದೂರು ಕೊಟ್ಟು, ಬಿಮಾ ಭರೋಸಾ ಪೋರ್ಟಲಿನಲ್ಲೋ 155255ಕ್ಕೆ ಫೋನ್ ಮಾಡಿಯೋ ದಾಖಲಿಸಿ, ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದಿತ್ತು. ಅಲ್ಲಿ ಫೀಸಿಲ್ಲ, ವಕೀಲರೂ ಬೇಡ.

ಮತ್ತೆ ಆ ರಿಜಿಸ್ಟರ್ಡ್ ಪತ್ರದ ಲಕೋಟೆ. ಅದನ್ನು ಎಸೆದಿದ್ದರೆ ಕಸದ ಬುಟ್ಟಿಯಿಂದ ಹುಡುಕಿ ತೆಗೆಯಿರಿ. ಧರ್ಮಸ್ಥಳದ ದಾರಿಯಲ್ಲಿ ನಿಮ್ಮ ಕಾರು ತನಗೆ ತಗುಲಿತ್ತೆಂದು ಯಾರಾದರೂ ಮುಂದೆ ಕೇಸು ಹಾಕಿದರೆ, ಆ ಪ್ರಯಾಣದ ದಿನ ರದ್ದತಿ ನಿಮಗೆ ತಿಳಿದಿರಲಿಲ್ಲ ಎಂಬುದಕ್ಕೆ ಅದರ ಮೇಲಿನ ಅಂಚೆ ಮುದ್ರೆಯೇ ಸಾಕ್ಷಿ.